ಕೆಂಚನ ಕಣ್ಣಿಗೆ ಉಗುಳಿದ ಅಪ್ಪನಿಗೆ

ಮಸ್ಕಿ
12 ಡಿಸೆಂಬರ್ 2024, ಗುರುವಾರ

ಅಪ್ಪಾ,

ಪ್ರೀತಿಯ ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ. ಆದರೂ ಕೇಳಲೇಬೇಕಲ್ಲ, ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಕುರಿಗಳು ಚೆನ್ನಾಗಿ ಮೇಯುತ್ತಿವೆಯೇ? ಇಲ್ಲಿ ನಾನು, ಅವ್ವ ಆರಾಮಾಗಿದ್ದೇವೆ. ಆರಾಮಿಲ್ಲದಿರುವುದು ನಿನ್ನ ನಾಯಿ ಕೆಂಚನಿಗೆ, ಅದಕ್ಕೆ ಕಾರಣ ನೀನು. ಫೋನಿನಲ್ಲಿ ಹೇಳೋಣವೆಂದರೆ ನಾನು ಬೈಯಲು ಶುರು ಮಾಡಿದ ಕೂಡಲೇ ‘ಸಿಗ್ನಲ್ ಇಲ್ಲಬೇ’ ಎಂದು ಕಟ್ ಮಾಡುತ್ತೀ. ಅದಕ್ಕೇ ಈ ಕಾಗದ. ರೊಟ್ಟಿ ಬುತ್ತಿಯ ಜೊತೆ, ನಿನ್ನ ಹಿಂಡಿನ ಜೊತೆಗಾರ ಬೀರಲಿಂಗ ಮಾಮನ ಕೈಗೆ ಕೊಟ್ಟಿದ್ದೇನೆ. ನಿನಗಂತೂ ಓದಲು ಬರುವುದಿಲ್ಲ. ಸಾಲಗುಂದದ ಗದ್ದೆಯಲ್ಲಿ ನಿನ್ನ ಜೊತೆ ಹಿಂಡು ನಿಲ್ಲಿಸಿದ ಕುರಿಗಾರರೆಲ್ಲರ ಮುಂದೆ ಗಟ್ಟಿಯಾಗಿ ಓದು ಎಂದು ಅವನಿಗೆ ಹೇಳಿದ್ದೇನೆ. ನಿನಗೆ ನಾಚಿಕೆಯಾಗಲಿ.

ಕೆಂಚನ ಎಡಗಣ್ಣು ಊದಿಕೊಂಡು ನೀರು ಸುರಿಯುತ್ತಿದ್ದಾಗ ನೀನು ಮಾಡಿದ್ದೇನು? ಕುರಿಯ ಕಣ್ಣಿಗೆ ಪೊರೆ ಬಂದರೆ ಮಾಡುವ ಹಾಗೆ, ತಂಬಾಕು ಉಪ್ಪು ಅಗಿದು ಅದರ ಕಣ್ಣೊಳಗೆ ಉಗುಳಿದೆ. ಅದು ಒದ್ದಾಡಿದರೆ ಮೊಣಕಾಲಿನಿಂದ ಒತ್ತಿ ಹಿಡಿದು ಮತ್ತೆ ಉಗುಳಿದೆ. ಕಣ್ಣು ಬೆಳ್ಳಗಾದ ಮೇಲೆ, ‘ಕುರುಡ ನಾಯಿ ಹಿಂಡಿಗ್ಯಾಕ ಬೇಕು? ದೂರ ಆರ್.ಎಚ್. ಕ್ಯಾಂಪ್ ಕಡಿ ಎಲ್ಲಿಯರ ಬಿಟ್ಟು ಬಾ’ ಎಂದು ಮಾಮನಿಗೆ ಅಪ್ಪಣೆ ಕೊಟ್ಟೆಯಂತೆ. ತೋಳದ ಬಾಯಿಂದ ಮರಿ ಬಿಡಿಸಿಕೊಂಡು ಬಂದ ನಾಯಿ ಅದು. ಹೇಳಲು ನಿನಗೆ ಬಾಯಾದರೂ ಹೇಗೆ ಬಂತು? ಮಾಮನಿಗೆ ಮನಸ್ಸಾಗದೆ ನಮ್ಮ ಮನೆಗೆ ತಂದು ಬಿಟ್ಟು ಹೋದ.

ನಾನು, ಅವ್ವ ಅದನ್ನು ಆಟೊದಲ್ಲಿ ಹಾಕಿಕೊಂಡು ಲಿಂಗಸುಗೂರಿನ ದನದ ದವಾಖಾನೆಗೆ ಹೋದೆವು. ಡಾಕ್ಟರಮ್ಮ ರೆಪ್ಪೆ ಎತ್ತಿದಳು. ಕಣ್ಣಿನ ಮೂಲೆಯಲ್ಲಿ ಭತ್ತದ ತೆನೆಯ ಮುಳ್ಳು ನೆಟ್ಟಗೆ ಚುಚ್ಚಿಕೊಂಡಿತ್ತು. ಮೇಜಿನ ಆಚೆ ನಿಂತಿದ್ದ ಅವ್ವನಿಗೂ ಕಂಡಿತು, ‘ಅಯ್ಯ ಶಿವನ’ ಎಂದು ಬಾಯಿ ಮುಚ್ಚಿಕೊಂಡಳು. ಮೊದಲೇ ತೆಗೆಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುಳ್ಳು ಗೀರಿದ ಗಾಯಕ್ಕೆ ನಿನ್ನ ತಂಬಾಕು ಬಿದ್ದು ಹುಣ್ಣಾಗಿದೆ. ಕಣ್ಣು ಉಳಿಯುತ್ತದಂತೆ, ನೋಟ ಮೊದಲಿನ ಹಾಗೆ ಬರುವುದು ಅನುಮಾನವಂತೆ. ಅವ್ವನ ಹಳೇ ಕಣ್ಣಿನ ಹನಿ ಮನೆಯಲ್ಲಿದೆ, ಹಾಕಲೇ ಎಂದು ಕೇಳಿ ನಾನೂ ಬೈಸಿಕೊಂಡೆ. ಮನುಷ್ಯರ ಔಷಧಿಯಿಂದ ಹುಣ್ಣು ಇನ್ನೂ ಕೆಡಬಹುದಂತೆ. ಈಗ ಕೆರೆದುಕೊಳ್ಳದಿರಲಿ ಎಂದು ಅದರ ಕುತ್ತಿಗೆಗೆ ತಳ ಕತ್ತರಿಸಿದ ಬಕೆಟ್ ಕಟ್ಟಿದ್ದೇವೆ. ಅದು ಬಾಗಿಲಿಗೆಲ್ಲ ಢಿಕ್ಕಿ ಹೊಡೆಯುತ್ತ ತಿರುಗುತ್ತದೆ, ಬೆಕ್ಕು ಹೆದರಿ ಅಟ್ಟ ಹತ್ತಿದೆ. ಆ ಬೆಕ್ಕಿನ ಕಣ್ಣಲ್ಲೂ ಪಿಸುರು. ಅದನ್ನೂ ಕಾಯಿಸಿ ಆರಿಸಿದ ನೀರಿನಲ್ಲಿ ಒರೆಸುತ್ತೇನೆ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಇಷ್ಟೇ ಅಪ್ಪಾ ಮಾಡಬೇಕಾದದ್ದು, ಇಷ್ಟೇ.

ಇದನ್ನೆಲ್ಲ ಹೇಳಿದರೆ ನಿನ್ನದು ಒಂದೇ ಮಾತು: ‘ಹುಟ್ಟಿದಾಗಿಂದ ಕುರಿ ಕಾಯಾಕತ್ತೀನಿ, ನನಗ ಹೇಳಾಕ ಬರ್ತಿಯೇನ?’ ಬೀರಲಿಂಗ ಮಾಮ ಬೇರೆ ನಿನ್ನನ್ನು ಅಟ್ಟಕ್ಕೇರಿಸುತ್ತಾನೆ: ‘ನಿಮ್ಮಪ್ಪ ಈಗ ಕುರಿ ಮುಖ ನೋಡೂದ ಇಲ್ಲ, ಕೊರಳ ಗಂಟಿ ಸಪ್ಪಳದಾಗ ಗುರ್ತು ಹಿಡಿತಾನ.’ ಹಿಡಿ, ಹಿಡಿ. ಅವ್ವ ನಿನಗೆ ನಮಸ್ಕಾರ ಹೇಳಿದ್ದಾಳೆ, ನಾನು ಹೇಳುವುದಿಲ್ಲ. ಶೇಂಗಾ ಚಟ್ನಿ ಸಿಟ್ಟಿನಲ್ಲಿ ಕುಟ್ಟಿದ್ದು, ಖಾರ ಜಾಸ್ತಿಯಾಗಿದೆ. ಸುಮ್ಮನೆ ತಿನ್ನು.

ಇನ್ನೂ ನಿನ್ನ ಮಗಳೇ ಆಗಿರುವ
ಮಹೇಶ್ವರಿ

ತಾ.ಕ.: ಮಾಮಾ, ಇಲ್ಲಿಂದ ಗಟ್ಟಿಯಾಗಿ ಓದಬೇಡ, ಅಪ್ಪನ ಕಿವಿಯಲ್ಲಿ ಓದು. ಅಪ್ಪಾ, ಅವ್ವನಿಗೆ ಮೇಜಿನಾಚೆಯಿಂದ ಕಂಡ ಮುಳ್ಳು, ಕೆಂಚನ ಮುಖವನ್ನೇ ಕೈಯಲ್ಲಿ ಹಿಡಿದುಕೊಂಡಿದ್ದ ನಿನಗೆ ಕಾಣಲಿಲ್ಲ. ದೀಪಾವಳಿಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ನನ್ನನ್ನು ‘ಯಾರಬೇ?’ ಎಂದೆ, ಕುಚೇಷ್ಟೆ ಎಂದು ನಾನು ನಕ್ಕಿದ್ದೆ. ಸೋಮವಾರ ಬೆಳಗ್ಗೆ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ಕಣ್ಣಿನ ದವಾಖಾನೆಗೆ ಹೋಗಬೇಕು. ನೀನು ಬರದಿದ್ದರೆ ಕೆಂಚನೂ ಹಿಂಡಿಗೆ ಬರುವುದಿಲ್ಲ. ಕುರುಡ ಅಪ್ಪ ಮನೆಗೆ ಯಾಕೆ ಬೇಕು ಎಂದು ನಿನ್ನ ಹಾಗೆ ಕೇಳುವವಳಲ್ಲ ನಾನು. ಬಾ.