ಸ್ಪ್ರೇ ಬಚ್ಚಿಟ್ಟವನು ನಾನು

ತ್ರಿವೇಣಿ,

ಹಾಲು ಕಾಯಿಸಿಟ್ಟಿದ್ದೇನೆ. ಮಗುವಿನ ಹೊದಿಕೆ, ದಿಂಬಿನ ಕವರ್ ಬಿಸಿನೀರಲ್ಲಿ ಒಗೆದು ಒಳಗೇ ಹರವಿದ್ದೇನೆ. ಪಕ್ಕದ ಮನೆಯ ಮಾವು ಹೂ ಬಿಟ್ಟಿದೆ, ಹೊರಗೆ ಹಾಕಬೇಡ, ಕಿಟಕಿಯನ್ನೂ ತೆಗೆಯಬೇಡ.

ಧನ್ಯಾಳ ಅಲರ್ಜಿಗೆ ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ಅವಳ ಪುಸ್ತಕಗಳ ಪಕ್ಕದಲ್ಲಿದೆ. ಇಷ್ಟು ದಿನ ನನ್ನ ಬೀರುವಿನಲ್ಲಿತ್ತು. ನೀನು ಕುಂಸಿಯಲ್ಲಿ ನಿಮ್ಮಮ್ಮನ ಹತ್ತಿರ ಇದ್ದ ಐದು ದಿನ ಅದನ್ನು ಬಚ್ಚಿಟ್ಟವನು ನಾನೇ. ದಿನಾ ಹಾಕಿದರೆ ಮಗುವಿಗೆ ಅಭ್ಯಾಸವಾಗಿಬಿಡುತ್ತದೆ ಎಂದುಕೊಂಡೆ. ಡಾಕ್ಟರಿಗಿಂತ ನನಗೇ ಹೆಚ್ಚು ಗೊತ್ತು ಅನ್ನುವ ಜಂಬ. "ಅಮ್ಮಂಗೆ ಹೇಳ್ಬೇಡ ಪುಟ್ಟಿ" ಅಂದೆ. "ಹೇಳಲ್ಲ ತಾತ" ಅಂದಳು.

ನಿನ್ನೆ ನೀನು ಬಂದಾಗ ಅವಳ ಕಣ್ಣು ಊದಿತ್ತು, ಸೀನು ನಿಲ್ಲುತ್ತಿರಲಿಲ್ಲ. "ಔಷಧಿ ಹಾಕ್ಕೊಳ್ದೆ ಎಲ್ಲಿ ಎಸೆದ್ಯೇ? ಸುಳ್ಳಿ!" ಎಂದು ನೀನು ಗದರಿದೆ. ಅವಳು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು, ಬಾಯಿ ಬಿಡಲಿಲ್ಲ. ಎಂಟು ವರ್ಷದ ಕೂಸು ನನಗಾಗಿ ಬೈಸಿಕೊಂಡಿತು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಅಲ್ಲೇ ಕೂತಿದ್ದೆ. ಬೆಳಗ್ಗೆ ಹೇಳೋಣವೆಂದು ಅಡುಗೆಮನೆ ಬಾಗಿಲವರೆಗೆ ಬಂದೆ, ಹಾಗೇ ಹಿಂದಿರುಗಿದೆ. ಅದಕ್ಕೇ ಈ ಚೀಟಿ.

ಜನ್ನಾಪುರದಿಂದ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದೇನೆ. ವಿದ್ಯಾನಗರದ ಡಾಕ್ಟರ ಹತ್ತಿರ ನಾನು ಮಾಡಿದ್ದನ್ನೆಲ್ಲ ಹೇಳಿ, ಈಗೇನು ಮಾಡಬೇಕೆಂದು ಕೇಳಿಕೊಂಡು ಬರುತ್ತೇನೆ.

ನಾಲ್ಕಕ್ಕೆ ಅವಳು ಶಾಲೆಯಿಂದ ಬರುತ್ತಾಳೆ. ಬಂದ ಕೂಡಲೇ ಮುಖ ತೊಳೆಸಿ, ಬಟ್ಟೆ ಬದಲಿಸು. ಆಮೇಲೆ ಸ್ವಲ್ಪ ಹೊತ್ತು ತೊಡೆಯ ಮೇಲೆ ಕೂರಿಸಿಕೋ ತಾಯಿ.

ಸಂಜೆ ನಾನು ಬಂದಮೇಲೆ ನನ್ನನ್ನು ಬೈಯುವುದಿದ್ದರೆ ಅವಳೆದುರಿಗೇ ಬೈ. ಅವಳ ಕಿವಿಗೆ ಬೀಳಲಿ.

ನಿನ್ನ ಮಾವ