ಅವ್ವನ ಒಡಪಿಗೆ ಎಲ್ಲರ ಗಂಡಂದಿರು

ಪ್ರೀತಿಯ ಮಲ್ಲಿಕಕ್ಕಾ,

ಕಡೂರಿನಿಂದ ನಿನ್ನ ತಮ್ಮನ ನಮಸ್ಕಾರ. ಫೋನಿನಲ್ಲಿ ಹೇಳಿದರೆ ನೀನು ಮಾತು ಮರೆಸುತ್ತೀಯೆ, ಅದಕ್ಕೇ ಈ ಕಾಗದ.

ಅವ್ವ ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಒಡಪು ಹೇಳುತ್ತಿದ್ದಳಲ್ಲ, ಅವನ್ನೆಲ್ಲ ಲ್ಯಾಪ್‌ಟಾಪಿನ ನನ್ನ ಸ್ವಂತ ವಿಕಿಯಲ್ಲಿ, ಅಂದರೆ ಬೇಕಾದಾಗ ತಿದ್ದಬಹುದಾದ ಪುಟಗಳಲ್ಲಿ, ಕೂಡಿಟ್ಟಿದ್ದೆ. ಬರೆಯುವವನೂ ನಾನೇ, ಓದುವವನೂ ನಾನೇ. ತಪ್ಪು ತೋರಿಸುವವರಿಲ್ಲ, ತಲೆದೂಗುವವರೂ ಇಲ್ಲ. ನನ್ನ ಮಗಳು ಸುಮನಾ ನೋಡಿ, "ಅಪ್ಪಾ, ಇದೇನು ಒಡಪೋ ಉಪ್ಪಿನಕಾಯೋ? ಜಾಡಿಲಿ ಮುಚ್ಚಿಟ್ಟಿದೀಯಲ್ಲ" ಅಂದಳು. ಎಲ್ಲರೂ ಬರೆಯಬಹುದಾದ, ಎಲ್ಲರೂ ತಿದ್ದಬಹುದಾದ ಇನ್ನೊಂದು ವಿಕಿ ಮಾಡಿ ನಂಟರಿಗೆಲ್ಲ ಲಿಂಕ್ ಕಳಿಸಿದಳು.

ಅಲ್ಲಿಂದ ಅನಾಹುತ. ಅವ್ವನ ಒಡಪು ಹೀಗಿತ್ತು, ನೆನಪಿದೆಯಾ?

"ಬುಕ್ಕಾಂಬುಧಿ ಕೆರೆ ತುಂಬಿ ಕೋಡಿ ನೀರು ಓಡ್ತು,
ಸೋಮಶೇಖರಪ್ಪನ ಸಿಟ್ಟು ನನ್ನ ನೋಡಿ ಬಾಡ್ತು."

ತರೀಕೆರೆಯ ಕರಿಬಸಮ್ಮ ಚಿಕ್ಕಮ್ಮ ಅಪ್ಪನ ಹೆಸರು ಅಳಿಸಿ ಚಿಕ್ಕಪ್ಪನ ಹೆಸರು ಹಾಕಿದಳು. ಅವಳ ಹಿಂದೆ ಅವಳ ಸೊಸೆ, ಸೊಸೆಯ ಹಿಂದೆ ಸೊಸೆಯ ಅಕ್ಕ. ವಾರ ಕಳೆಯುವುದರೊಳಗೆ ಅವ್ವನಿಗೆ ಒಂದು ಓಣಿಗಾಗುವಷ್ಟು ಗಂಡಂದಿರು! ಫೋನ್ ಮಾಡಿ ಕೇಳಿದರೆ ಚಿಕ್ಕಮ್ಮ, "ಲೇ ರೇಣುಕಾ, ಒಡಪು ಹೇಳೋಳು ತನ್ ಗಂಡನ್ ಹೆಸರು ಬಿಟ್ಟು ನಿಮ್ಮಪ್ಪನ್ ಹೆಸರು ಹೇಳ್ತಾಳೇನೋ? ಒಂಚೂರು ಬುದ್ಧಿ ಬ್ಯಾಡ್ವಾ?" ಅಂದಳು.

ಎಲ್ಲ ಅಳಿಸಿ, ಆ ಪುಟಕ್ಕೆ ಬೀಗ ಹಾಕಿಬಿಡೋಣವೆಂದು ಕೂತೆ. ಹಾಗೆ ಹಂಚಿಕೊಂಡ ವಿಕಿಯಲ್ಲಿ ಯಾರು ಏನು ತಿದ್ದಿದರೆಂಬುದು ಹೆಸರಿನ ಸಮೇತ ಕಾಣುತ್ತದೆ. ಕೊನೆಯ ಹೆಸರು ನಿನ್ನದು. ಅಜ್ಜಂಪುರದಲ್ಲಿ ಕೂತು ನೀನು ಬರೆದಿದ್ದೆ:

"ಬುಕ್ಕಾಂಬುಧಿ ಕೆರೆ ತುಂಬಿ ಕೋಡಿ ನೀರು ಓಡ್ತು,
ರುದ್ರಮೂರ್ತಿಯವರ ಹೆಸರು ನಾಲಿಗೆಗೆ ಬಂದು ಕಾಡ್ತು."

ಅಕ್ಕಾ, ರುದ್ರಮೂರ್ತಿ ಭಾವ ತೀರಿಕೊಂಡ ಮೇಲೆ ನಿನಗೆ ಯಾರೂ ಒಡಪು ಹೇಳು ಅಂದಿಲ್ಲ. ಹೊಸಿಲಲ್ಲಿ ಹೆಂಗಸರು ಹೆಸರು ಹೇಳಿಸುವ ಹೊತ್ತಿಗೆ ಪಾಯಸದ ನೆಪ ಮಾಡಿಕೊಂಡು ನೀನೇ ಅಡುಗೆಮನೆಗೆ ಎದ್ದು ಹೋಗುತ್ತೀಯೆ. ನಾವೂ, ಸದ್ಯ ಹೋದಳಲ್ಲ ಎನ್ನುವಂತೆ ಮುಂದಿನವಳ ಒಡಪಿಗೆ ಕಿವಿಗೊಡುತ್ತೇವೆ.

ಬೀಗ ಹಾಕಲಿಲ್ಲ. ಅವ್ವನ ಮಾತು ಅವಳು ಹೇಳಿದ ಹಾಗೆಯೇ ನನ್ನ ಲ್ಯಾಪ್‌ಟಾಪಿನಲ್ಲಿರುತ್ತದೆ. ಆದರೆ ಅಲ್ಲಿ ನಿನಗೆ ಬಾಯಿ ತೆರೆಯಲು ಜಾಗವೇ ಇರಲಿಲ್ಲ.

ಬರುವ ತಿಂಗಳು ಸುಮನಾಳ ನಿಶ್ಚಿತಾರ್ಥ. ಮೊದಲ ಒಡಪು ನಿನ್ನದು. "ಹೆಂಗಸರ ನಡುವೆ ನಿನಗೇನೋ ಕೆಲಸ?" ಎಂದು ಚಿಕ್ಕಮ್ಮ ಬೈದರೆ ಬೈಯಲಿ, ಒಡಪು ಹೇಳು ಎಂದು ನಿನ್ನನ್ನು ಕೇಳುವವನು ನಾನು. ಎಲ್ಲರೆದುರು, ಆಚೆ ಬೀದಿಗೂ ಕೇಳುವ ಹಾಗೆ, ಭಾವನ ಹೆಸರು ಹೇಳು.

ಆ ಹೊತ್ತಿಗೆ ನಿನ್ನ ದನಿ ನಡುಗದಿರಲಿ, ನಡುಗಿದರೂ ನಿಲ್ಲದಿರಲಿ ಎಂದು ಬೇಡುವ,

ನಿನ್ನ ತಮ್ಮ
ರೇಣುಕಪ್ರಸಾದ್