ಎಡಬಲ ಡಾಟ್ ಶೂಸ್

ಮಾರ್ಚ್ ೪, ಬೆಳಿಗ್ಗೆ

ಎಡ ಸೋಲ್‌ಗೆ ಮೂರನೇ ಪದರ ಅಂಟಿಸಿ ಒಣಗಲು ಇಟ್ಟಿದ್ದೆ. ಬೋರ್ಡ್ ಬರೆಯುವವನು ಏಣಿಯಿಂದ ಇಳಿದು ಕರೆದ. ಹೋಗಿ ನೋಡಿದರೆ — ಎಡಬಲ ಡಾಟ್ ಶೂಸ್ ಡಾಟ್ ಕಾಮ್.

"ಕಾಮ್ ಯಾಕೆ ಹಾಕಿದ್ರಿ?"

"ನೀವು ಬರೆಯೋದು ಮರ್ತಿದ್ರಿ ಮೇಡಂ. ನಾನೇ ಸರಿಮಾಡ್ದೆ."

ಅಳಿಸಿ ಎಂದೆ. ಮುಖ ಊದಿಸಿಕೊಂಡು ಅಳಿಸಿದ. ಈ ವಾರ ಕಾಮ್ ಸೇರಿಸಿದವರಲ್ಲಿ ಇವನು ನಾಲ್ಕನೆಯವನು. ವೆಬ್‌ಸೈಟಿಗೆ ಬೇರೆ ಬಾಲವೂ ಇರುತ್ತದೆ ಎಂದು ಎಷ್ಟು ಜನಕ್ಕೆ ಹೇಳಿ ಗಂಟಲು ಹರಿದುಕೊಳ್ಳಲಿ?

ಮಾರ್ಚ್ ೯

ಅಮ್ಮನ ಫೋನು. "ಅಣ್ಣನ್ನ ಒಂದ್ಮಾತು ಕೇಳ್ಬಾರ್ದಾ? ಡಾಟ್ ಕಾಮ್ ಅವನ ಹತ್ರ ಸುಮ್ನೆ ಬಿದ್ದಿದೆ."

ಬಿದ್ದಿಲ್ಲ. ಹಿಡಿದಿಟ್ಟುಕೊಂಡಿದ್ದಾನೆ. ಅಪ್ಪನ ಅಂಗಡಿಯನ್ನು ಇಬ್ಬರೂ ನಡೆಸುವಾಗ ಆ ವಿಳಾಸವನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಎರಡು ವರ್ಷದ ಹಿಂದೆ ಬಿಟ್ಟುಹೋಗಿ ಮೇನ್ ರೋಡಿನಲ್ಲಿ ಫ್ಯಾಕ್ಟರಿ ಶೂಗಳ ಶೋರೂಮ್ ತೆರೆದ. ಎಡಬಲ ಎಂಬ ಹೆಸರು ಇಟ್ಟವಳು ನಾನು. ಎರಡು ಕಾಲೂ ಒಂದೇ ಅಳತೆ ಇಲ್ಲದವರಿಗೆ ಶೂ ಹೊಲಿಯುವ ಅಂಗಡಿಗೆ ಇನ್ನೇನು ಹೆಸರಿಡುವುದು? ಕೊಡು ಎಂದರೆ "ನೋಡೋಣ" ಎಂದ. ಎರಡು ವರ್ಷದಿಂದ ನೋಡುತ್ತಲೇ ಇದ್ದಾನೆ.

ಅದಕ್ಕೇ ಡಾಟ್ ಶೂಸ್ ತೆಗೆದುಕೊಂಡೆ. ಯಾರ ಹಂಗೂ ಇಲ್ಲ.

ಮಾರ್ಚ್ ೧೦

ಹಳೆಯ ಬಾಕ್ಸ್‌ಗಳು ಇನ್ನೂ ಒಂದು ಕಪಾಟು ತುಂಬ ಇವೆ. ಎಲ್ಲದರ ಮೇಲೂ ಡಾಟ್ ಕಾಮ್. ಎಸೆಯಲು ಮನಸ್ಸು ಬರಲಿಲ್ಲ — ಹೊಸ ವಿಳಾಸದ ಸ್ಟಿಕರ್ ಅಂಟಿಸಿದೆ.

ಸಂಜೆ ಟೀಚರ್ ಬಂದು ಶೂ ತೆಗೆದುಕೊಂಡು ಹೋದರು. ರಿಟೈರ್ ಆದವರು. ಎಡಗಾಲು ಒಂದೂವರೆ ಇಂಚು ಗಿಡ್ಡ, ಸಕ್ಕರೆ ಕಾಯಿಲೆ ಬೇರೆ. "ಎಲ್ಲಾದ್ರೂ ಒತ್ತಿದ್ರೆ ತಕ್ಷಣ ಮೇಲ್ ಬರೀರಿ ಟೀಚರ್, ವಿಳಾಸ ಬಾಕ್ಸ್ ಮೇಲಿದೆ" ಎಂದೆ. ಅಂಗಡಿಯೊಳಗೇ ಎರಡು ಸುತ್ತು ನಡೆದರು. ಕುಂಟಲಿಲ್ಲ.

ಏಪ್ರಿಲ್ ೨



ಟೀಚರ್ ಮಗಳು ಬಂದು ಕೌಂಟರ್ ಮೇಲೆ ಫೋನ್ ಕುಕ್ಕಿದಳು. "ಇದನ್ನ ನೀವೇ ಬರ್ದಿದ್ದಾ?"

ಟೀಚರ್ ಮೇಲ್ ಬರೆದು ಕೇಳಿದ್ದಾರೆ — ಹಿಮ್ಮಡಿ ಉಜ್ಜುತ್ತಿದೆ, ಕೆಂಪಗಾಗಿದೆ, ಹಾಕಿಕೊಳ್ಳಲೇ, ಬಿಡಲೇ? ಅದೇ ದಿನ ಉತ್ತರ: ಹೊಸ ಶೂ ಒತ್ತುವುದು ಸಹಜ. ಎರಡು ವಾರ ಬಿಡದೆ ಹಾಕಿಕೊಳ್ಳಿ, ಸರಿಹೋಗುತ್ತದೆ. ಕೆಳಗೆ — ಎಡಬಲ.

ಟೀಚರ್ ಹೇಳಿದ ಮಾತು ಮೀರುವವರಲ್ಲ. ಹಾಕಿಕೊಂಡರು. ಈಗ ಹುಣ್ಣು, ಕೀವು, ಆಸ್ಪತ್ರೆ. "ಕಾಲು ಉಳಿಯುತ್ತೋ ಇಲ್ವೋ ಗೊತ್ತಿಲ್ಲ ಅಂತಿದಾರೆ ಡಾಕ್ಟ್ರು."

ವಿಳಾಸ ನೋಡಿದೆ. ಡಾಟ್ ಕಾಮ್. ಅಣ್ಣ.

"ಬಾಕ್ಸ್ ಮೇಲೆ ಸ್ಟಿಕರ್ ಇತ್ತಲ್ಲ…"

"ಯಾವ ಸ್ಟಿಕರ್?"

ಉದುರಿಹೋಗಿದೆ. ಹೊತ್ತು ಬೆಳಗಾದರೆ ಸೋಲ್ ಅಂಟಿಸುವವಳಿಗೆ ಒಂದು ಕಾಗದ ಅಂಟಿಸಲು ಬರಲಿಲ್ಲ.

ಅದೇ ದಿನ, ಮಧ್ಯಾಹ್ನ

ಶೋರೂಮಿಗೆ ಹೋದೆ. ಗಿರಾಕಿಗಳ ಮುಂದೆಯೇ ಕೇಳಿದೆ.

"ನನಗೆ ಬಂದ ಮೇಲ್‌ಗೆ ನೀನ್ಯಾಕೆ ಉತ್ತರ ಬರೆದೆ?"

"ಮೆಲ್ಲಗೆ ಮಾತಾಡು. ಅಪ್ಪನ ಕೆಲ್ಸ ನಂಗೂ ಗೊತ್ತು. ಹೊಸ ಶೂ ಒತ್ತೋದಿಲ್ವಾ?"

"ನನಗೆ ಕಳಿಸ್ಬಹುದಿತ್ತಲ್ಲ!"

"ಕಳಿಸ್ತಾ ಕೂರೋಕೆ ನಾನೇನು ನಿನ್ನ ಡಾಟ್ ಶೂಸ್‌ನ ಪೋಸ್ಟ್‌ಮ್ಯಾನಾ?"

"ಆ ಕಾಲು ಒಂದ್ಸಲ ಮುಟ್ಟಿ ನೋಡಿದೀಯಾ? ಅವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾ ನಿಂಗೆ?"

ಅವನು ಗಿರಾಕಿಗಳ ಕಡೆ ತಿರುಗಿದ. ಕೈಗೆ ಸಿಕ್ಕ ಶೂ ಎತ್ತಿ ಗೋಡೆಗೆ ಬೀಸಿದೆ. ಅದರ ಜೋಡಿಯನ್ನು ಅವನು ಕಸಿದುಕೊಂಡ. ಇಲ್ಲದಿದ್ದರೆ ಅದನ್ನೂ ಎಸೆಯುತ್ತಿದ್ದೆ.

ಏಪ್ರಿಲ್ ೧೯

ಕಾಲು ಉಳಿಯಿತು. ಹಿಮ್ಮಡಿಯ ಮಾಂಸ ಒಂದಿಷ್ಟು ಕೊಯ್ದು ತೆಗೆದಿದ್ದಾರೆ.

ಸ್ಟಿಕರ್ ವಿಷಯ ಟೀಚರಿಗೆ ನಾನೇ ಹೇಳಿದೆ. ಹೊದಿಕೆ ಸರಿಸಿ ಹಿಮ್ಮಡಿಯ ಕಟ್ಟು ತೋರಿಸಿದರು. ಆಮೇಲೆ: "ನಿಮ್ಮಣ್ಣ ಬಂದಿದ್ದ. ಸಕ್ಕರೆ ಕಾಯಿಲೆಯವಳಿಗೆ ಕ್ರೀಮ್ ಬಿಸ್ಕತ್ತು ತಂದಿದ್ದ. ಬಾಗಿಲಲ್ಲೇ ನಿಂತಿದ್ದು ಹೋದ."

ನಗು ಬಂತು ಇಬ್ಬರಿಗೂ. ತಕ್ಷಣ ನಿಂತಿತು.

"ಇನ್ನು ನಾನು ಬರೆಯಲ್ಲ. ನೀನೇ ಮನೆಗೆ ಬಂದು ಕಾಲು ನೋಡ್ಬೇಕು."

ಬರ್ತೀನಿ ಎಂದೆ.

ಏಪ್ರಿಲ್ ೨೪

ಡಾಟ್ ಕಾಮನ್ನು ಅಣ್ಣ ನನ್ನ ಹೆಸರಿಗೆ ಮಾಡುತ್ತಿದ್ದಾನಂತೆ. ಮೇಲ್ ಬಂದಿದೆ. 'ಒಪ್ಪಿಕೊಳ್ಳಿ' ಎಂಬ ನೀಲಿ ಬಟನ್, ಐದು ದಿನದ ಗಡುವು. ಅಮ್ಮ: "ಅವನೇ ಸೋತು ಕೊಟ್ಟಿದಾನೆ. ಇನ್ನಾದ್ರೂ ಮಾತಾಡೇ."

ಒಬ್ಬರ ಹಿಮ್ಮಡಿ ಕೊಯ್ಸಿದ ಮೇಲೆ ಕೊಡುವ ಉಡುಗೊರೆ. ಥೂ.

ಏಪ್ರಿಲ್ ೨೮

ನೀಲಿ ಬಟನ್ ಒತ್ತಿದೆ. ರಾಜಿಯಲ್ಲ. ಇನ್ನು ಯಾರ ಕಾಲಿನ ಬಗ್ಗೆಯೂ ಅವನು ಒಂದಕ್ಷರ ಬರೆಯಬಾರದು, ಅಷ್ಟೇ. ನನ್ನ ವಿಳಾಸ ಡಾಟ್ ಶೂಸೇ. ಹಳೆಯ ಬಾಕ್ಸ್‌ಗಳನ್ನೆಲ್ಲ ಹರಿದು ರದ್ದಿಗೆ ಹಾಕಿದೆ. ಮೊದಲೇ ಹಾಕಬೇಕಿತ್ತು.

ಅಣ್ಣನ ಜೊತೆ ಮಾತಿಲ್ಲ.

ಏಪ್ರಿಲ್ ೨೯, ಬೆಳಿಗ್ಗೆ ೧೦

ಮೇಲ್ ಪಾಸ್‌ವರ್ಡ್ ಕೂಡ ಕಳಿಸಿದ್ದಾನೆ. ತೆರೆದೆ. ಎರಡು ವರ್ಷದಲ್ಲಿ ಮೂವತ್ತೊಂದು ಪತ್ರ. ಎಲ್ಲ ನನಗೆ ಬರೆದವು, ಎಲ್ಲವನ್ನೂ ಅವನು ಓದಿದ್ದಾನೆ. ಟೀಚರ್‌ದು ಬಿಟ್ಟು ಹನ್ನೊಂದಕ್ಕೆ ಉತ್ತರವನ್ನೂ ಕೊಟ್ಟಿದ್ದಾನೆ. 'ಹತ್ತಿ ಇಟ್ಟುಕೊಳ್ಳಿ.' 'ಅಭ್ಯಾಸವಾಗುತ್ತದೆ.' ಎಡಬಲ. ಎಡಬಲ. ಎಡಬಲ. ನನ್ನ ಹೆಸರು!

ಮೊದಲನೆಯವರು ಬಸ್ ಕಂಡಕ್ಟರ್. ಗಿರಾಕಿ ಪುಸ್ತಕದಲ್ಲಿ ನಂಬರ್ ಹುಡುಕಿ ಫೋನ್ ಮಾಡಿದೆ. ಹೆಂಡತಿ ಎತ್ತಿದರು.

"ಎಡಬಲದಿಂದ ಮಾತಾಡ್ತಿದೀನಿ. ನಿಮ್ಮೆಜಮಾನ್ರ ಕಾಲು ಈಗ ಹೇಗಿದೆ?"

"ಈಗ ನೆನಪಾಯ್ತಾ? ಬಂದು ನೀವೇ ನೋಡಿ."

ಹೊರಟೆ. ಟೇಪು, ಮೆತ್ತೆ, ಕತ್ತರಿ ಚೀಲದಲ್ಲಿ. ಉಳಿದ ಹತ್ತು ಮನೆಗಳ ವಿಳಾಸವೂ ಅದರಲ್ಲೇ; ಎಲ್ಲರ ಕಾಲನ್ನೂ ನೋಡಿಯೇ ವಾಪಸ್.